ಮೈಚಳಿ

ಬೆಳಿಗ್ಗೆ ಕಿಟಕಿ ತೆರೆದಾಗಲೇ ಅವಳಿಗೆ ಗೊತ್ತಾಯಿತು, ಸೆಕೆ ಗಂಟುಮೂಟೆ ಕಟ್ಟಿದೆ ಎಂದು. ಬೀರುವಿನ ತಳದಿಂದ ಸ್ವೆಟರ್ ತೆಗೆದು ಕೊಡವಿ ಹಾಕಿಕೊಂಡು, ಕನ್ನಡಿಯ ಮುಂದೆ ಐದು ನಿಮಿಷ ಹೆಚ್ಚೇ ನಿಂತಳು. ಚಳಿ ಬಂತೆಂದರೆ ಅವಳ ಲೈಬ್ರರಿಗೆ ಹೀಟರ್ ಮೆಕ್ಯಾನಿಕ್ ಬರುತ್ತಾನೆ.

ನಾಲ್ಕು ವರ್ಷದಿಂದ ಹೀಗೇ. ಲೈಬ್ರರಿಯಲ್ಲಿ ಬಾಯಿಮಾತಿನ ದೂರು ದೂರೇ ಅಲ್ಲ. ಅವಳು ರಿಜಿಸ್ಟರಿನಲ್ಲಿ 'ಹೀಟರ್ ಗೊರಗೊರ ಎನ್ನುತ್ತದೆ' ಎಂದು ಬರೆಯಬೇಕು; ಅವನು ಅದನ್ನು ಓದಿ, ರಿಪೇರಿ ಮಾಡಿ, ಕೆಳಗೆ 'ಸರಿಮಾಡಿದೆ' ಎಂದು ಬರೆದು ಸಹಿ ಹಾಕಬೇಕು. ಸಹಿ ಹಾಕುವಾಗ ಒಮ್ಮೆ ತಲೆಯೆತ್ತಿ ಅವಳನ್ನು ನೋಡುತ್ತಿದ್ದ. ಅವಳೂ ನೋಡಿದರೆ ಸಾಕು, ಪೆನ್ನಿನ ತುದಿ ಪರೀಕ್ಷಿಸುತ್ತಿದ್ದ ಮಹಾನುಭಾವ.

ಈ ಸಲ ಅವಳಿಗೆ ಸಂಕಟ. ಮುಂದಿನ ವರ್ಷದ ಹೊತ್ತಿಗೆ ಹಳೆಯ ಹೀಟರ್ ಗುಜರಿಗೆ. ಇಡೀ ಕಟ್ಟಡಕ್ಕೆ ಹೊಸ ಮಷೀನು, ಅದಕ್ಕೆ ಬೇರೆ ಕಂಪನಿಯವರು. ಇವತ್ತು ಮಾತಾಡದಿದ್ದರೆ ಅವನಿಗೆ ಇನ್ನು ಬರಲು ನೆಪವೇ ಇರುವುದಿಲ್ಲ.

ಹೀಟರಿಗಂತೂ ಯಾವ ರೋಗವೂ ಇರಲಿಲ್ಲ. ಆದರೂ ರಿಜಿಸ್ಟರ್ ತೆರೆದು, ಧೈರ್ಯ ಮಾಡಿ ಬರೆದಳು: 'ನಾಲ್ಕು ವರ್ಷವಾದರೂ ಮೈಚಳಿ ಬಿಟ್ಟಿಲ್ಲ.'

ಅವನು ಬಂದ. ಓದಿದ. ಹುಬ್ಬು ಗಂಟಿಕ್ಕಿ ನೆಲದ ಮೇಲೆ ಕೂತು ಹೀಟರನ್ನು ಪೂರ್ತಿ ಬಿಚ್ಚಿ ಹರವಿದ. ಅವಳು ಹಣೆ ಚಚ್ಚಿಕೊಂಡಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

"ಎಲ್ಲಾ ಚೆನ್ನಾಗೇ ಇದೆಯಲ್ಲ," ಎಂದ ಅವನು, ತಲೆ ಕೆರೆಯುತ್ತ. "ನಿಮಗೇನಾದ್ರೂ ಜ್ವರ ಬಂದಿದೆಯಾ?"

ಪಕ್ಕದ ಟೇಬಲ್ಲಿನ ಹಿರಿಯ ಸಹೋದ್ಯೋಗಿ, ಎಲ್ಲರ ಪಾಲಿನ ಅಕ್ಕ, ಕನ್ನಡಕ ಇಳಿಸಿ ರಿಜಿಸ್ಟರಿನತ್ತ ನೋಡಿದರು. "ಅವಳಿಗೆ ಏನೂ ಆಗಿಲ್ಲಪ್ಪ. ಯಾರ ಮೈಚಳಿ ಅಂತ ಬರೆದಿಲ್ಲ ನೋಡು. ಇನ್ನೊಂದ್ಸಲ ಓದು." ಇಲ್ಲದ ಕೆಲಸ ನೆನಪು ಮಾಡಿಕೊಂಡು ಎದ್ದು ಒಳಗೆ ಹೋದರು.

ಓದಿದ. ಕಿವಿ ಕೆಂಪಾಯಿತು.

"ನಂದಾ?"

"ಮತ್ತೆ? ಹೀಟರಿಂದಾ?"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಪ್ರತಿ ವರ್ಷ ನಿಮಗೆ ಹೇಳ್ಬೇಕಾದ್ದನ್ನ ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಬರ್ತೀನಿ. ಬಂದ್ರೆ ನೀವು ಹಳೇ ಪುಸ್ತಕದ ಹಾಳೆ ಅಂಟಿಸ್ತಾ ಇರ್ತೀರಿ, ಅಷ್ಟು ನಾಜೂಕಾಗಿ. ಆಮೇಲೆ ನನ್ನ ಕೈ ನೋಡ್ಕೋತೀನಿ. ಬರೀ ಮಸಿ, ಗ್ರೀಸು. ಸಹಿ ಹಾಕಿ ಹೊರಟುಬಿಡ್ತೀನಿ."

ಇಷ್ಟಕ್ಕೇ ನಾಲ್ಕು ಚಳಿಗಾಲ ದಂಡವಾಯಿತೇ? ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ. ತನ್ನ ಬಾಯಿಗೆ ಯಾರು ಬೀಗ ಹಾಕಿದ್ದರು?

"ಕೈ ತೊಳೆದ್ರೆ ಹೋಗುತ್ತೆ," ಎಂದಳು. "ಹೋಗದಿದ್ರೂ ನನಗೇನೂ ಬೇಜಾರಿಲ್ಲ."

ಅವನು ಎದ್ದು ಹೋದ. ಮೂಲೆಯ ನಲ್ಲಿ ಬಹಳ ಹೊತ್ತು ಸುರಿಯಿತು. ಒರೆಸಿಕೊಳ್ಳಲು ಏನೂ ಸಿಗದೆ, ನೀರು ತೊಟ್ಟಿಕ್ಕುವ ಕೈಗಳನ್ನು ಮುಂದೆ ಚಾಚಿಕೊಂಡೇ ಮರಳಿದ. ಉಗುರಿನ ಸಂದಿಯಲ್ಲಿ ಕಪ್ಪು ಹಾಗೇ ಇತ್ತು.

"ಪೂರ್ತಿ ಹೋಗ್ಲಿಲ್ಲ," ಎಂದ ತಪ್ಪಿತಸ್ಥನಂತೆ.

"ನಾನು ಕೇಳಿದ್ನಾ?"

ಅವನ ಬೆರಳುಗಳು ತಣ್ಣಗೆ ಕೊರೆಯುತ್ತಿದ್ದವು. ಹೀಟರ್ ನೋಡಿದರೆ ಚೂರುಚೂರಾಗಿ ನೆಲದ ಮೇಲಿತ್ತು. ಬೇರೆ ದಾರಿಯಿಲ್ಲದೆ, ಅವಳು ಆ ಬೆರಳುಗಳನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.