ಮಗ್ರಿಬ್ ನಂತರದ ಪ್ರಸಾರ

ನಿಮ್ಮ ಕಾರ್ಯಕ್ರಮ ಕೇಳುವ ಹಾಗಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲಿನ ಇ-ಮೇಲ್ ಬಂದಿತ್ತು. ಕೆಳಗೆ ಸಕ್ಲೈನ್ ಇನಾಮದಾರ, ಕಾಪೆಲ್ಲೆ ಆನ್ ಡೆನ್ ಐಸೆಲ್ ಎಂಬ ಸಹಿ, ಒಂದು ಫೋನ್ ನಂಬರ್.

ಮಹನೂರ್ ಅದನ್ನು ಎರಡು ಸಲ ಓದಿದಳು. ಎರಡನೇ ಸಲಕ್ಕೆ ಸಿಟ್ಟು ಬಂತು.

ಆಮ್‌ಸ್ಟರ್‌ಡ್ಯಾಮಿನ ಸ್ಲೋಟರ್‌ಡೈಕ್ ಸ್ಟೇಷನ್ನಿನ ಹಿಂದಿದ್ದ ಆ ಪುಟ್ಟ ರೇಡಿಯೋ ಕೇಂದ್ರದಲ್ಲಿ ಅವಳು ಆರು ವರ್ಷದಿಂದ ಪ್ರೊಡ್ಯೂಸರ್. ದಿನಕ್ಕೆ ಅರ್ಧ ಗಂಟೆ, ಶಾರ್ಟ್‌ವೇವ್‌ನಲ್ಲಿ, ಪೂರ್ವದ ಒಂದು ದೇಶಕ್ಕೆ, ಅಲ್ಲಿನ ಭಾಷೆಯಲ್ಲಿ ಅವರ ಪ್ರಸಾರ; ಆ ಭಾಷೆಯನ್ನು ಅವಳು ಇಲ್ಲೇ ಕಲಿತಿದ್ದಳು. ಅಲ್ಲಿನ ಸರ್ಕಾರ ಮೊದಲು ಪತ್ರಿಕೆಗಳನ್ನು ಮುಚ್ಚಿಸಿತ್ತು. ಆ ಸೆಪ್ಟೆಂಬರಿನಲ್ಲಿ ಇಂಟರ್ನೆಟ್ಟನ್ನೂ, ಹೊರದೇಶದ ಫೋನುಗಳನ್ನೂ ಕಡಿದುಹಾಕಿತು. ಸಹೋದ್ಯೋಗಿಗಳ ಮನೆಯವರು ಇನ್ನೂ ಅಲ್ಲೇ ಇದ್ದುದರಿಂದ ಆ ದೇಶದ ಹೆಸರನ್ನು ಯಾರೂ ಹೊರಗೆ ಬಾಯಿಬಿಡುತ್ತಿರಲಿಲ್ಲ. ಯುರೋಪಿನಲ್ಲಿ ಚದುರಿಹೋದವರು ಮನೆಗೆ ಹೇಳಬೇಕಾದ ಮಾತುಗಳನ್ನು ಮಹನೂರ್ ರೆಕಾರ್ಡ್ ಮಾಡಿ, ಒಬ್ಬೊಬ್ಬರಿಗೆ ಮೂವತ್ತು ಸೆಕೆಂಡಿನಂತೆ ಪ್ರಸಾರ ಮಾಡುತ್ತಿದ್ದಳು. ಅಪ್ಪ ಗುಣವಾದರಾ, ನಾನು ಪಾಸಾದೆ, ಅಳಬೇಡ. ಇದನ್ನು ಕೇಳುವ ಹಾಗಿಲ್ಲ ಎನ್ನುವವನು ಯಾರು?

ಅವಳು ಫೋನ್ ಮಾಡಿ ಇಂಗ್ಲಿಷಿನಲ್ಲೇ ದಬಾಯಿಸಿದಳು. ಆ ಕಡೆಯವನು ಸುಮ್ಮನೆ ಕೇಳಿಸಿಕೊಂಡ. ಕೊನೆಗೆ, ಅವಳಿಗೆ ಅರ್ಥವಾಗದೆಂಬ ಧೈರ್ಯದಿಂದ ತನ್ನಷ್ಟಕ್ಕೆ ಗೊಣಗಿದ.

"ಏನ್ ಹೇಳ್ಲಿ ಮಾರಾಯಾ ಈಕಿಗೆ."

ಮಹನೂರ್ ತಟ್ಟನೆ ಭಾಷೆ ಬದಲಿಸಿದಳು.

"ಕನ್ನಡದಲ್ಲೇ ಹೇಳಿ. ನಮ್ಮದು ತುಮಕೂರು."

ಆ ಕಡೆಯಿಂದ ತೀರಾ ಮೆತ್ತಗಾದ ದನಿ. "ನಿಮ್ಮ ಪ್ರೋಗ್ರಾಮ್ ಭಾಳ ಛಲೋ ಐತ್ರಿ. ಕೇಳ್ಸೂದಿಲ್ಲ, ಅದೊಂದ ತೊಂದ್ರಿ."

ಅವನು ವಿಜಯಪುರದವನು. ರಾಟರ್‌ಡ್ಯಾಮ್ ಪಕ್ಕದ ಊರಾದ ಕಾಪೆಲ್ಲೆಯ ಆಫೀಸ್ ಪಾರ್ಕಿನ ಒಂದು ಕಂಪನಿಯಲ್ಲಿ ಆಂಟೆನಾ ಎಂಜಿನಿಯರ್. ಶಾರ್ಟ್‌ವೇವ್ ಕೇಳುವುದು ಅವನ ಹುಚ್ಚು. ಆ ದೇಶದ ಗಡಿಯಾಚೆ ಯಾರೋ ಹವ್ಯಾಸಿ ಇಂಟರ್ನೆಟ್ಟಿಗೆ ಜೋಡಿಸಿಟ್ಟಿದ್ದ ರಿಸೀವರಿನ ಮೂಲಕ ಅವನು ಇವರ ಪ್ರಸಾರ ಕೇಳಿದ್ದ. ಹತ್ತು ದಿನದಿಂದ ಅದೇ ತರಂಗದ ಮೇಲೆ ಸರ್ಕಾರದವರು ಗರಗಸ ಎಳೆದಂಥ ಸದ್ದನ್ನು ಬಿಡುತ್ತಿದ್ದರು. ಅದರಡಿಯಲ್ಲಿ ಒಂದು ಮಾತೂ ಕೇಳುತ್ತಿರಲಿಲ್ಲ. ಅವನು ಕಳಿಸಿದ ರೆಕಾರ್ಡಿಂಗನ್ನು ಹೆಡ್‌ಫೋನಿನಲ್ಲಿ ಕೇಳಿದಾಗ ಮಹನೂರಳ ಸಿಟ್ಟೆಲ್ಲ ಇಳಿಯಿತು.

ಶನಿವಾರ ಬರಲು ಸಾಧ್ಯವೇ ಎಂದು ಕೇಳಿದಳು. ಅವನು ಶನಿವಾರ ಬಂದ. ಅದರ ಮುಂದಿನ ಶನಿವಾರವೂ ಬಂದ.

ಎತ್ತರದ ಆಳು. ಕುರ್ಚಿಯಲ್ಲಿ ಕುಳಿತರೂ ತಲೆ ಸ್ವಲ್ಪ ಬಗ್ಗಿಸಿಯೇ ಇರುತ್ತಿದ್ದ. ಸ್ಕ್ರೀನ್ ಮೇಲಿನ ತರಂಗಗಳ ಗೆರೆಗಳನ್ನು ತೋರಿಸುವಾಗ ಅವನ ಬೆರಳಿಗೆ ಇದ್ದ ಧೈರ್ಯ ಕಣ್ಣಿಗೆ ಇರಲಿಲ್ಲ. ಮಹನೂರ್ ನೋಡಿದರೆ ಗೆರೆಗಳ ಕಡೆ ತಿರುಗುತ್ತಿದ್ದ, ಅವಳು ಗೆರೆಗಳನ್ನು ನೋಡಿದರೆ ಅವಳ ಕಡೆ. ಸ್ಟುಡಿಯೋದ ಗಾಜಿನಲ್ಲಿ ಅವನ ಪ್ರತಿಬಿಂಬ ಬೀಳುತ್ತಿತ್ತೆಂಬುದು ಪಾಪ ಅವನಿಗೆ ಗೊತ್ತಿರಲಿಲ್ಲ. ಅವಳೂ ಹೇಳಲಿಲ್ಲ.

ಕೇಂದ್ರದಲ್ಲಿ ಎಲ್ಲರಿಗೂ ಹಿಂದಿ ಸಿನಿಮಾಗಳಿಂದ ಒಂದಿಷ್ಟು ಹಿಂದಿ-ಉರ್ದು ಅರ್ಥವಾಗುತ್ತಿತ್ತು. ಹಾಗಾಗಿ ಮನೆಯಲ್ಲಾಡುವ ದಖನಿ ಉರ್ದುವಿನಲ್ಲಿ ಗುಟ್ಟು ಆಡುವಂತಿರಲಿಲ್ಲ. ಕನ್ನಡ ಮಾತ್ರ ಅವರಿಬ್ಬರದು. ಅವನು 'ಹಂಗಲ್ರೀ' ಎಂದಾಗಲೆಲ್ಲ ಅವಳು ಮೆಲ್ಲಗೆ 'ಹೆಂಗ್ರೀ' ಎನ್ನುತ್ತಿದ್ದಳು, ಅವನ ಕಿವಿ ಕೆಂಪಾಗುತ್ತಿತ್ತು.

ಮೂರನೇ ಶನಿವಾರ ಅವನು ಒಂದು ಉಪಾಯ ತಂದ. ಶಾರ್ಟ್‌ವೇವ್ ಆಕಾಶದ ಮೇಲ್ಪದರಕ್ಕೆ ತಾಗಿ ನೆಲಕ್ಕೆ ಮರಳುತ್ತದೆ. ಹೊತ್ತು ಮುಳುಗಿತೆಂದರೆ ಆ ಪದರ ತೆಳುವಾಗಿ, ಎತ್ತರದ ತರಂಗಗಳನ್ನು ಹಿಂದಕ್ಕೆ ಕಳಿಸಲಾರದು. ಅಲ್ಲಿ ಕತ್ತಲಾದ ಕೂಡಲೇ ಸರ್ಕಾರದ ಗದ್ದಲ ನೇರ ಆಕಾಶಕ್ಕೆ ಹಾರಿಹೋಗುತ್ತದೆ. ಆದರೆ ಪಶ್ಚಿಮದಿಂದ ಹೋಗುವ ಇವರ ತರಂಗಕ್ಕೆ ದಾರಿಯಲ್ಲಿ ಇನ್ನೂ ಬಿಸಿಲಿರುತ್ತದೆ. ಅದು ತಲುಪುತ್ತದೆ. ರಾಜಧಾನಿಯಲ್ಲಿ ಹತ್ತಿರದಿಂದಲೇ ತಡೆಯಬಹುದು, ಆದರೆ ಊರುಗಳಲ್ಲಿ ಅವರ ಕೈ ಸಾಗದು.

ಕೇಂದ್ರದ ನಿರ್ದೇಶಕಿ ತಾನೂ ಆ ದೇಶದಿಂದ ತಪ್ಪಿಸಿಕೊಂಡು ಬಂದ ಹಿರಿಯ ಹೆಂಗಸು. ಸೂರ್ಯಾಸ್ತ ದಿನಕ್ಕೊಂದು ಹೊತ್ತಿಗೆ ಆಗುತ್ತದೆ, ಜನಕ್ಕೆ ದಿನದಿನದ ವೇಳೆಯನ್ನು ಹೇಗೆ ತಿಳಿಸುವುದು ಎಂದು ಆಕೆ ಕೇಳಿದರು.

ಉತ್ತರ ಮಹನೂರಳ ಬಳಿ ಇತ್ತು. ಊರೂರಿನ ಮಸೀದಿಯಲ್ಲೂ ಸಂಜೆಯ ಮಗ್ರಿಬ್ ಅಜಾನ್ ಆಗುವುದು ಹೊತ್ತು ಮುಳುಗಿದಾಗಲೇ. ಗಡಿಯಾರ ಯಾಕೆ ಬೇಕು? ಮಗ್ರಿಬ್ ಆದ ಮೇಲೆ ರೇಡಿಯೋ ಹಚ್ಚಿ, ಇದೊಂದೇ ವಾಕ್ಯವನ್ನು ಒಂದು ವಾರ ಎಡೆಬಿಡದೆ ಹೇಳೋಣ. ಗದ್ದಲದ ನಡುವೆ ಎಲ್ಲಾದರೂ ಒಂದು ಸಲ ಅಷ್ಟು ಕೇಳಿದರೆ ಸಾಕು, ಎಂದಳು.

ಸಕ್ಲೈನ್ ಆಗ ಗೆರೆಗಳ ಕಡೆ ತಿರುಗಲಿಲ್ಲ. ಮೊದಲ ಸಲ ನೇರವಾಗಿ, ತುಂಬ ಹೊತ್ತು ಅವಳನ್ನೇ ನೋಡಿದ. ಕಣ್ಣು ತಗ್ಗಿಸುವ ಸರದಿ ಅವಳದಾಯಿತು.

ನಿರ್ದೇಶಕಿ ಹೊಸ ವರ್ಷದ ತನಕ ಅವಕಾಶ ಕೊಟ್ಟರು, ಒಂದು ಷರತ್ತಿನ ಮೇಲೆ. ಅಷ್ಟರಲ್ಲಿ ಯಾರಾದರೂ ಕೇಳುತ್ತಿದ್ದಾರೆಂಬ ಸುಳಿವು ಸಿಗದಿದ್ದರೆ ಈ ಕಾರ್ಯಕ್ರಮವನ್ನೇ ನಿಲ್ಲಿಸಬೇಕು.

ನವೆಂಬರ್ ಪೂರ್ತಿ ಆಮ್‌ಸ್ಟರ್‌ಡ್ಯಾಮಿನ ಮಧ್ಯಾಹ್ನ ಎರಡು ಎರಡೂವರೆಗೆ ಅವರು ಪ್ರಸಾರ ಮಾಡಿದರು. ಗಡಿಯಾಚೆಯ ರಿಸೀವರಿನಲ್ಲಿ ದನಿ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ದೇಶದ ಒಳಗಿನಿಂದ ಮಾತ್ರ ಒಂದು ಪಿಸುಮಾತೂ ಇಲ್ಲ. ಆದರೂ ಮಹನೂರಳಿಗೆ ಅನುಮಾನ ಬರಲಿಲ್ಲ. ಮೈಕಿನ ಆ ತುದಿಯಲ್ಲಿ ಜನ ಇದ್ದಾರೆ ಎಂದು, ಪಕ್ಕದ ಕೋಣೆಯಲ್ಲಿ ಇರುವವರಿಗೆ ಹೇಳುವ ಹಾಗೆ ಮಾತಾಡುತ್ತಿದ್ದಳು.

ಡಿಸೆಂಬರಿನ ಮೊದಲ ಶನಿವಾರ ಸಕ್ಲೈನ್ ಬರಲಿಲ್ಲ. ಕೆಲಸ ಇದೆ ಎಂದು ಮೆಸೇಜ್. ಎರಡನೆಯ ಶನಿವಾರವೂ ಅದೇ. ಮೂರನೆಯದಕ್ಕೆ ಮೆಸೇಜೂ ಇಲ್ಲ. ಅವನ ಕಂಪನಿ ಕಾಪೆಲ್ಲೆಯ ಆಫೀಸನ್ನು ಮುಚ್ಚುತ್ತಿದೆ ಎಂದು ನಿರ್ದೇಶಕಿಯೇ ಅವಳಿಗೆ ಹೇಳಿದರು. ಮೂರು ತಿಂಗಳೊಳಗೆ ಬೇರೆ ಕೆಲಸ ಸಿಗದಿದ್ದರೆ ಅವನಿಗೆ ಇಲ್ಲಿರಲು ಪರ್ಮಿಟ್ ಇರುವುದಿಲ್ಲ. ಅವನು ಇದನ್ನು ಆಕೆಗೆ ಹೇಳಿದ್ದ. ಮಹನೂರಳಿಗೆ ಹೇಳಿರಲಿಲ್ಲ.

ಅವಳಿಗೆ ನೋವಾಯಿತು. ಮನೆಗೆ ಹೋಗುವ ಟ್ರಾಮಿನಲ್ಲಿ ಕೂತು ಯೋಚಿಸುತ್ತ ಯೋಚಿಸುತ್ತ ಕಾರಣ ಹೊಳೆಯಿತು. ಅವಳು ಎರಡು ವರ್ಷದ ಹಿಂದೆಯೇ ಡಚ್ ಪಾಸ್‌ಪೋರ್ಟ್ ಪಡೆದವಳು. ಅವಳನ್ನು ಮದುವೆಯಾದವನು ಇಲ್ಲೇ ಉಳಿಯಬಹುದು. ಈಗ ಅವನು ಏನೇ ಹೇಳಿದರೂ ಅದು ಪರ್ಮಿಟ್ಟಿಗಾಗಿ ಹೇಳಿದಂತೆ ಕೇಳುತ್ತದೆ. ಆ ಮಂಕು ಮನುಷ್ಯ ಅದಕ್ಕೇ ಬಾಯಿ ಹೊಲಿದುಕೊಂಡಿದ್ದ.

ತುಮಕೂರಿನಲ್ಲಿದ್ದ ತಾಯಿ ಅಮೀನಾ ಬಿಗೆ ಅವಳು ಎಲ್ಲವನ್ನೂ ಹೇಳಿದಳು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದ ಹೆಂಗಸು ಆಕೆ. ಹುಡುಗ ಒಳ್ಳೆಯವನಾ ಎಂದಷ್ಟೇ ಕೇಳಿದರು. ಹೌದು ಎಂದಳು. "ಮತ್ತೆ ನನ್ನ ಹತ್ರ ಯಾಕೆ ಮಾತಾಡ್ತಾ ಇದ್ದೀಯ? ಅವನ ಹತ್ರ ಮಾತಾಡು."

ಕ್ರಿಸ್ಮಸ್ ಕಳೆದ ಭಾನುವಾರ, ಪ್ರಸಾರ ಮುಗಿದು ಹತ್ತು ನಿಮಿಷವಾಗಿರಬೇಕು. ಪ್ರಸಾರದಲ್ಲಿ ದಿನವೂ ಹೇಳುತ್ತಿದ್ದ ಕೇಂದ್ರದ ನಂಬರಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಆ ದೇಶದಲ್ಲಿ ಹೊರದೇಶದ ಫೋನ್ ಲೈನುಗಳು ಅಂದೇ ಮರಳಿ ಬಂದಿದ್ದವು. ಮುದುಕಿಯೊಬ್ಬರ ದನಿ. ವೆಸ್ಟ್‌ಲ್ಯಾಂಡಿನ ಗ್ರೀನ್‌ಹೌಸಿನಲ್ಲಿ ದುಡಿಯುವ ಮಗ ನವೆಂಬರಿನಲ್ಲಿ ಹೇಳಿದ್ದನ್ನು ತಾನು ಕೇಳಿದೆ, ಮೊಮ್ಮಗಳಿಗೆ ತನ್ನ ಹೆಸರನ್ನೇ ಇಟ್ಟದ್ದೂ ತಿಳಿಯಿತು, ಓಣಿಯವರೆಲ್ಲ ಮಗ್ರಿಬ್ ಆದ ಮೇಲೆ ತನ್ನ ಅಡುಗೆಮನೆಯಲ್ಲೇ ಸೇರುತ್ತಾರೆ, ಮಗುವಿಗೆ ಎಣ್ಣೆ ಹಚ್ಚಿ ಬಿಸಿಲು ತೋರಿಸಲಿ. ಅದು ಮುಗಿಯುವ ಮೊದಲೇ ಇನ್ನೊಂದು ಬಂತು. ಆಮೇಲೆ ಮತ್ತೊಂದು. ನಾಲ್ಕು ಗಂಟೆಯ ಹೊತ್ತಿಗೆ ನಲವತ್ತು ದಾಟಿತ್ತು. ನಿರ್ದೇಶಕಿ ಗೋಡೆಗೆ ಒರಗಿ, ಮುಖ ಮುಚ್ಚಿಕೊಂಡು ಅತ್ತರು.

ಮಹನೂರ್ ಕೋಟು ಹಾಕಿಕೊಂಡು ಹೊರಟಳು. ಈ ಸುದ್ದಿಯನ್ನು ಫೋನಿನಲ್ಲಿ ಹೇಳುವುದು ಅವಳಿಗೆ ಬೇಕಿರಲಿಲ್ಲ. ರಾಟರ್‌ಡ್ಯಾಮಿನವರೆಗೆ ರೈಲು, ಅಲ್ಲಿಂದ ಕಾಪೆಲ್ಲೆಗೆ ಮೆಟ್ರೋ. ಬಾಗಿಲು ತೆರೆದ ಸಕ್ಲೈನ್ ಇಸ್ತ್ರಿ ಮಾಡುತ್ತಿದ್ದ ಅಂಗಿಯನ್ನು ಕೈಯಲ್ಲೇ ಹಿಡಿದು ನಿಂತ.

ಅವಳು ಒಳಗೆ ಬಂದು ಕೂರುವ ಮೊದಲೇ ಮುದುಕಿಯ ದನಿ ಕೇಳಿಸಿದಳು, ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಎಣ್ಣೆ ಮತ್ತು ಬಿಸಿಲಿನ ಮಾತಿಗೆ ಬರುವಷ್ಟರಲ್ಲಿ ಅವನು ಅಂಗಿಯಿಂದಲೇ ಕಣ್ಣು ಒರೆಸಿಕೊಂಡ.

"ಇಷ್ಟು ಸುದ್ದಿ ಕೇಂದ್ರದ್ದು. ಇನ್ನೊಂದು ನನ್ನದು," ಎಂದಳು. "ಪರ್ಮಿಟ್ ವಿಷಯ ನನಗೆ ಗೊತ್ತು. ನೀವು ಯಾಕೆ ಸುಮ್ಮನಾದ್ರಿ ಅನ್ನೋದೂ ಗೊತ್ತು. ಕಾಗದಕ್ಕೋಸ್ಕರ ಬರೋನು ಶನಿವಾರದ ಮೇಲೆ ಶನಿವಾರ ತಪ್ಪಿಸ್ಕೊಳ್ಳಲ್ಲ ಸಕ್ಲೈನ್. ನನಗೆ ನೀನು ಬೇಕು."

ಆ 'ನೀನು' ಕೇಳಿ ಅವನು ಅಂಗಿಯನ್ನು ಕೆಳಗಿಟ್ಟ.

"ಡೆಲ್ಫ್ಟ್‌ನ್ಯಾಗ ನೌಕ್ರಿ ಸಿಕ್ಕೈತಿ," ಎಂದ ನಿಧಾನವಾಗಿ. "ಶನಿವಾರ ಶನಿವಾರ ಕುಂತು ಇಂಟರ್‌ವ್ಯೂಕ್ಕ ತಯಾರಿ ಮಾಡ್ತಿದ್ನಿ. ನಾಳೆ ಸೈನ್ ಮಾಡೂದು, ಅದಕ್ಕ ಈ ಅಂಗಿ. ನನ್ನ ಕಾಗದ ನನ್ನ ಕೈಯಾಗ ಬರ್ಲಿ, ಆಮ್ಯಾಲ ಮಂಗಳವಾರ ಬಂದು ನಿನ್ನ ಕೇಳ್ಬೇಕಂತ ಮಾಡಿದ್ನಿ."

ಮಹನೂರ್ ನಕ್ಕಳು. ಅವನ ಕೈ ಹಿಡಿದಳು. ಇಸ್ತ್ರಿಯ ಬಿಸಿ ಇನ್ನೂ ಆ ಬೆರಳುಗಳಲ್ಲಿತ್ತು.

"ಮಂಗಳವಾರ ಬಂದು ಕೇಳು. ನಾನು ಏನೂ ಗೊತ್ತಿಲ್ಲದೋಳ ಹಾಗೆ ಕೂತಿರ್ತೀನಿ."

"ಮತ್ತ ಏನಂತಿ?"

"ಹೂಂ ಅಂತೀನಿ."