ಅವ್ವ ನಡೆಸಿದ ಆಮೆ

“ಅವ್ವಾ, ಬ್ರ್ಯಾಕೆಟ್ ಮುಚ್ಚಲಿಲ್ಲ ನೋಡು. ಮತ್ತ ಎರರ್ ಬಂತು.”

ರುಕ್ಮವ್ವ ಕೀಬೋರ್ಡಿನಿಂದ ಕೈ ತೆಗೆದಳು. “ಇದು ಬರೇ ಬೈತೈತಿ. ನೀನ ಮಾಡವಾ, ನಾ ನೋಡತೇನಿ.”

“ನೀನ ಮಾಡಬೇಕವ್ವಾ. ಎಷ್ಟ ಸಲ ಹೇಳಬೇಕು ನಿನಗ?” ದ್ರಾಕ್ಷಾಯಿಣಿ ಸಿಡುಕಿದಳು.

ಶನಿವಾರ ಶಾಲೆಯಲ್ಲಿ ಪಾಲಕರ ದಿನ. ಆರನೇ ಕ್ಲಾಸಿನ ಮಕ್ಕಳು ಬರೆದ ಪ್ರೋಗ್ರಾಮನ್ನು ಮನೆಯವರು ನಡೆಸಿ ತೋರಿಸಬೇಕು. ಅಭ್ಯಾಸಕ್ಕೆಂದು ಕಂಪ್ಯೂಟರ್ ಕಲಿಸುವ ಬಾಳಕೃಷ್ಣ ಸರ್ ಸಂಜೆ ಲ್ಯಾಬ್ ತೆರೆದಿಟ್ಟಿದ್ದರು. ಅವ್ವ ಸೀರೆಗೆ ಹಾಕುವ ಕಸೂತಿಯ ಗೋಪುರವನ್ನು ಅವಳ ಕೈಯಿಂದಲೇ ಕಂಪ್ಯೂಟರಿನಲ್ಲಿ ಬಿಡಿಸಬೇಕೆಂದು ದ್ರಾಕ್ಷಾಯಿಣಿಗೆ ಆಸೆ. ಆದರೆ ಕ್ಲಾಸಿನಲ್ಲಿ ಕಲಿಸಿದ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಗೆರೆ ಎಳೆಯಲೂ ಬ್ರ್ಯಾಕೆಟ್, ಕಾಮಾ, ನಾಲ್ಕು ಅಂಕಿ ಬೇಕು.

ಸಪ್ತಾಪುರದ ರಸ್ತೆಯಲ್ಲಿ ಮನೆಗೆ ಬರುವಾಗ ಅವ್ವ ಹೇಳಿದಳು, “ಶನಿವಾರ ನಿಮ್ಮ ಕಾಕಾನ್ನ ಕರಕೊಂಡು ಹೋಗು. ಅಂವಾ ಕಲತಾಂವ.”

ಮರುದಿನ ದ್ರಾಕ್ಷಾಯಿಣಿ ಸರ್‌ಗೆ ಎಲ್ಲ ಹೇಳಿದಳು.

“ಬೇಸಿಕ್ ಬಿಡು, ಲೋಗೋ ಭಾಷಾದಾಗ ಮಾಡು,” ಎಂದರು ಸರ್.

“ಅದು ಮೂರನೇ ಕ್ಲಾಸಿನವರದ್ರಿ ಸರ್. ಎಲ್ಲಾರೂ ನಗತಾರ.”

“ಪ್ರೋಗ್ರಾಮ್ ನಡಸಾಕಿ ನೀನೋ, ನಿಮ್ಮವ್ವನೋ?”

ದ್ರಾಕ್ಷಾಯಿಣಿ ಹೋಗಿ ಲೋಗೋ ತೆರೆದಳು.

ಪರದೆಯ ನಡುವೆ ಪುಟ್ಟ ತ್ರಿಕೋನ. ಅದರ ಹೆಸರು ಆಮೆ. ಹೇಳಿದಂತೆ ಗೆರೆ ಎಳೆಯುತ್ತ ನಡೆಯುತ್ತದೆ. ಅದಕ್ಕೆ ಹೊಸ ಮಾತನ್ನೂ ಕಲಿಸಬಹುದು. ದ್ರಾಕ್ಷಾಯಿಣಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮೂರು ಕನ್ನಡ ಮಾತು ಕಲಿಸಿದಳು: ಹೋಗು, ಬಲಕ್ಕ, ಎಡಕ್ಕ.

ಸಂಜೆ ಅವ್ವನ ಮುಂದೆ ಕೂತು ಕೇಳಿದಳು. “ಶನಿವಾರ ನೀನ ಬಾರವ್ವಾ. ಈ ಸಲ ನಾ ಸಿಟ್ಟ ಮಾಡೂದಿಲ್ಲ.”

ಶನಿವಾರ ಅವ್ವ ಬಂದಳು. ಮಗಳ ಜೊತೆಗೇ ಕಲಿತ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ, ‘ಹೋಗು’ ಎಂದು ಒತ್ತಿ, ಮುಂದೆ ಐವತ್ತು ಹಾಕಿದಳು. ಆಮೆ ನಡೆಯಿತು.

“ಅಯ್ಯ, ನಾ ಹೇಳಿದ್ದು ಇದಕ್ಕ ತಿಳೀತು,” ಎಂದಳು ಅವ್ವ.

ಮುಂದಿನ ಸಲ ಅಂಕಿ ಹಾಕುವುದು ಮರೆತಳು. ಎರರ್ ಬಂತು. ದ್ರಾಕ್ಷಾಯಿಣಿಯ ಕೈ ಕೀಬೋರ್ಡಿನತ್ತ ಹೋಯಿತು. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡಳು.

ಅವ್ವ ಪರದೆಯನ್ನೇ ನೋಡಿದಳು. “ಎಷ್ಟು ದೂರ ಅಂತ ನಾ ಹೇಳಲೇ ಇಲ್ಲ. ಪಾಪ, ಅದು ಹೆಂಗ ಹೋಗಬೇಕು?”

ಮೆಟ್ಟಿಲು ಮೆಟ್ಟಿಲಾಗಿ ಗೋಪುರ ಏರತೊಡಗಿತು. ಗೆಳತಿ ಹುಮಾಳ ತಾಯಿ ಅಬೀದಾ ಹತ್ತಿರ ಬಂದು ಬಗ್ಗಿ ನೋಡಿದರು. “ಇದು ಯಾವ ಭಾಷಾರೀ?”

“ನಮ್ಮದ ಐತ್ರಿ. ಬರ್ರಿ, ಕೂಡ್ರಿ. ನೀವೂ ಮಾಡೀರಂತ.” ಅವ್ವ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು.

ಇಬ್ಬರೂ ಪರದೆಗೆ ತಲೆ ಹಚ್ಚಿ ಕೂತರು. ಅವ್ವ ಹೇಳಿಕೊಡುತ್ತಿದ್ದಳು, ಅಬೀದಾ ಒತ್ತುತ್ತಿದ್ದರು. ದ್ರಾಕ್ಷಾಯಿಣಿಯನ್ನು ಯಾರೂ ಏನೂ ಕೇಳಲಿಲ್ಲ. ಅವಳು ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು.

ಸರ್ ಪಕ್ಕಕ್ಕೆ ಬಂದರು. “ಯಾಕ, ಇಲ್ಲಿ ನಿಂತಿ? ನಿನ್ನ ಕೆಲಸ ಮುಗೀತೇನು?”

“ಮುಗೀತ್ರಿ ಸರ್,” ಎಂದಳು ಅವಳು ಮೆಲ್ಲಗೆ, ಅವ್ವ ಕೆಲಸ ಬಿಟ್ಟು ತನ್ನತ್ತ ತಿರುಗದ ಹಾಗೆ.