ದೊಡ್ಡತ್ತೆ ಕೇಳಿದ ಪ್ರಶ್ನೆ

ಪಾಸ್ಟರರ ಸೊಸೆ ಅಳಲಿಲ್ಲ. ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು ಇನ್ಸ್‌ಪೆಕ್ಟ್ರಮ್ಮನ ಎದುರು ಕೂತಳು.

"ದೊಡ್ಡತ್ತೇನ ನಾನೇ ತಳ್ಳಿದೆ ಅಂತಿದಾರೆ. ಮಾವನೂ ಸುಮ್ಮನಿದಾರೆ. ಸಂಜೆ ಪೊಲೀಸ್ನೋರು ಬರ್ತಾರಂತೆ. ಗಂಡನೂ ಊರಲ್ಲಿಲ್ಲ, ಮಗೂನ ಯಾರ ಕೈಲಿ ಕೊಡ್ಲಿ?"

ನಮ್ಮ ಕಟ್ಟಡದ ಮೇಲ್ಮಹಡಿಯ ಇನ್ಸ್‌ಪೆಕ್ಟ್ರಮ್ಮ ನಿವೃತ್ತರಾದರೂ, ಕಷ್ಟ ಬಂದವರು ಹತ್ತುವುದು ಅವರ ಮೆಟ್ಟಿಲನ್ನೇ. ಎದುರುಮನೆಯ ನಾನು ಅವರ ಬಾಲ.

ಸತ್ತವರು ಪಾಸ್ಟರರ ಅಕ್ಕ; ಸೊಸೆಗೆ ದೊಡ್ಡತ್ತೆ, ನಮಗೆಲ್ಲ ದೊಡ್ಡಕ್ಕ. ಹಿಂದಿನ ಸಂಜೆ ಪ್ರಾರ್ಥನಾಲಯದಲ್ಲಿ ಪಾಸ್ಟರರ ಬೈಬಲ್ ಪಾಠ ನಡೆಯುತ್ತಿದ್ದಾಗ, ಪಕ್ಕದಲ್ಲೇ ಇರುವ ಅವರ ಮನೆಯಲ್ಲಿ ಅಟ್ಟದ ಮೆಟ್ಟಿಲ ಬುಡಕ್ಕೆ ಬಿದ್ದಿದ್ದರು. ತೋಳಿನ ಮೇಲೆ ಬೆರಳಿನ ಗುರುತಿತ್ತು. ಮನೆಯಲ್ಲಿದ್ದವಳು ಸೊಸೆಯೊಬ್ಬಳೇ, ಮಿಕ್ಕವರೆಲ್ಲ ಪಾಠದಲ್ಲಿದ್ದೆವು ಎನ್ನುತ್ತಿದ್ದರು.

"ಬೆಳಿಗ್ಗೆ ಅವರು ಏನಾದ್ರೂ ಅಂದ್ರಾ?"

"ಮಾವನ ಹತ್ರ ಯಾವುದೋ ವಚನದ ಬಗ್ಗೆ ಕೇಳ್ತಿದ್ರು. ಆಮೇಲೆ ನಂಗೆ, 'ಲೋಕದ ಕೊನೆ ಇಂಥ ದಿನಾನೇ ಅಂತ ನಮ್ಮೋನೊಬ್ಬ ಮನೆಮನೇಲಿ ಹೆದರಿಸ್ತಿದಾನೆ. ಜನ ಮಕ್ಕಳ್ನ ಶಾಲೆ ಬಿಡಿಸಿದಾರೆ. ಇವತ್ತು ಅವನ ಕಿವಿ ಹಿಂಡಿ ತಮ್ಮನ ಮುಂದೆ ನಿಲ್ಲಿಸ್ತೀನಿ' ಅಂದ್ರು. ಯಾರು ಅಂತ ಹೇಳ್ಲಿಲ್ಲ."

ಇನ್ಸ್‌ಪೆಕ್ಟ್ರಮ್ಮ ನನ್ನತ್ತ ತಿರುಗಿದರು. "ನೀನು ಪಾಠದಲ್ಲಿದ್ದೆಯಲ್ಲ. ತೂಕಡಿಸ್ತಿದ್ದೆ ತಾನೆ?"

"ತೂಕಡಿಸ್ತಿದ್ದೆ. ನಿನ್ನೆ ಮಾತ್ರ ಎಚ್ಚರಾಯ್ತು."

ಕೊನೆಯ ದಿನ ಹೊಲದಲ್ಲಿ ಇಬ್ಬರಿರುತ್ತಾರೆ, ಒಬ್ಬನನ್ನು ಎತ್ತಿಕೊಳ್ಳಲಾಗುತ್ತದೆ, ಇನ್ನೊಬ್ಬನನ್ನು ಬಿಡಲಾಗುತ್ತದೆ. ದೇವರು ಎತ್ತಿಕೊಂಡವನೇ ಧನ್ಯ, ಉಳಿದವನು ಕೆಟ್ಟವನು. ವರ್ಷಗಳಿಂದ ಇದೇ ಪಾಠ, ನಮಗೆಲ್ಲ ಬಾಯಿಪಾಠ. ಆದರೆ ನಿನ್ನೆ ಪಾಸ್ಟರ್ ಸತ್ಯವೇದ ಮುಚ್ಚಿಟ್ಟು ಹೀಗೆಂದಿದ್ದರು: "ನಾನು ತಪ್ಪು ಹೇಳ್ತಾ ಬಂದೆನೋ ಏನೋ. ಆ ವಚನದ ಮೇಲ್ಗಡೇನೇ ನೋಹನ ಮಾತಿದೆ. ಪ್ರಳಯ ಎತ್ಕೊಂಡು ಹೋಗಿದ್ದು ಕೆಟ್ಟವರನ್ನ, ನಾವೆ ಹತ್ತಿ ಉಳಿದೋನು ನೀತಿವಂತ ನೋಹ. ಇನ್ನೊಂದು ಕಡೆ, ನಂಬಿದವರನ್ನೇ ಮೋಡಕ್ಕೆ ಎತ್ಕೊಳ್ತಾರೆ ಅಂತಿದೆ. ಎರಡನ್ನೂ ಹೊಂದಿಸೋಕೆ ನಂಗೆ ಬರ್ತಿಲ್ಲ."

ಇನ್ಸ್‌ಪೆಕ್ಟ್ರಮ್ಮ ಅದನ್ನು ಕೇಳಿದ್ದೇ ಚಪ್ಪಲಿ ಮೆಟ್ಟಿದರು. ಪಾಸ್ಟರರ ಅಡುಗೆಮನೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದ್ದು ಒಂದೇ: "ನಿನ್ನೆ ಪಾಠ ಏನು?"

"ಕಾಲ್ಕೆಳಗಿನ ನೆಲಾನೇ ಎಳೆದ್ಬಿಟ್ರು," ಎಂದ ಪ್ರಾರ್ಥನಾಲಯದ ಕಾವಲುಗಾರ.

"ಆರ್ಗನ್ ನುಡಿಸೋಕೇ ಕೈ ಬರ್ಲಿಲ್ಲ," ಎಂದಳು ಆರ್ಗನ್ನಿನವಳು.

ಪಾಸ್ಟರರ ಸಹಾಯಕನಾದ ಉಪದೇಶಿ ನಿರಾಳವಾಗಿದ್ದ. "ಒಬ್ಬನ್ನ ಎತ್ಕೊಳ್ತಾರೆ, ಒಬ್ಬನ್ನ ಬಿಡ್ತಾರೆ. ದೇವರು ಎತ್ಕೊಂಡೋನೇ ಧನ್ಯ. ಕಂಬದ ಹಿಂದಿನ ಬೆಂಚಲ್ಲಿ ಕೂತು ಕೊನೇವರೆಗೂ ಕೇಳಿದೆ."

ಸಂಜೆ ಎಲ್ಲರೂ ಪ್ರಾರ್ಥನಾಲಯದಲ್ಲಿ ಸೇರಿದೆವು. ಬಾಗಿಲಲ್ಲಿ ಪೊಲೀಸರಿದ್ದರು.

"ದೊಡ್ಡಕ್ಕನ ತೋಳು ಹಿಡಿದೋನು, ಅವರು ಪಾಸ್ಟರಿಗೆ ಹೇಳದ ಹಾಗೆ ತಡೀಬೇಕಿತ್ತು," ಎಂದರು ಇನ್ಸ್‌ಪೆಕ್ಟ್ರಮ್ಮ. "ಅಂದ್ರೆ ಕೊನೇ ದಿನ ಗೊತ್ತು ಅಂತ ಹೆದರಿಸ್ತಿದ್ದೋನು. ಪಾಠ ಕೇಳ್ದೋರೆಲ್ಲ ಬೆಚ್ಚಿದ್ರು. ಒಬ್ಬ ಮಾತ್ರ ಹಳೇ ಪಾಠ ಒಪ್ಪಿಸಿದ. ಏನಪ್ಪಾ ಉಪದೇಶಿ, ಕಂಬದ ಹಿಂದೆ ನೋಹನ ಮಾತು ಕೇಳಿಸ್ಲಿಲ್ವಾ?"

ಅವನು ಬೆಂಚಿನಿಂದ ಎದ್ದ. "ಸೊಸೆ ಮಗು ಜೊತೆ ಒಳಕೋಣೇಲಿದ್ರು, ದೊಡ್ಡಕ್ಕ ಅಟ್ಟದ ಮೇಲೆ ಒಬ್ಬರೇ ಇದ್ರು. ಹೇಳ್ಬೇಡಿ ಅಂತ ಬೇಡ್ಕೊಳೋಕೆ ಹೋದೆ. ಬಿಡು ಅಂತ ಇಳಿಯೋಕೆ ಹೊರಟ್ರು. ತೋಳು ಹಿಡಿದೆ, ಕೊಸರಿಕೊಂಡ್ರು, ತಳ್ಳಿದೆ," ಎಂದ. "ಪಾಸ್ಟರ್ ಯಾವತ್ತೂ ಪಾಠ ಬದಲಾಯಿಸ್ತಿರ್ಲಿಲ್ಲ."

"ನಾನು ಬದಲಾಯಿಸ್ಲಿಲ್ಲ," ಎಂದರು ಪಾಸ್ಟರ್. ಸ್ವರದಲ್ಲಿ ಏನೂ ಇರಲಿಲ್ಲ. "'ಉಳಿದೋನು ಕೆಟ್ಟೋನಾದ್ರೆ ನೋಹ ಏನು' ಅಂತ ಬೆಳಿಗ್ಗೆ ಅಕ್ಕ ಕೇಳಿದ್ಲು. ಉತ್ತರ ಹೊಳೀಲಿಲ್ಲ. ಅದನ್ನೇ ನಿಮ್ಮ ಮುಂದೆ ಇಟ್ಟೆ."

ಪೊಲೀಸರು ಅವನನ್ನು ಕರೆದೊಯ್ದರು. ಉಳಿದವರು ಬೆಂಚುಗಳಲ್ಲಿ ಹಾಗೇ ಕೂತಿದ್ದೆವು.

ಪಾಸ್ಟರ್ ಎದ್ದು ಸೊಸೆಯತ್ತ ಕೈ ಚಾಚಿದರು. "ಮಗೂನ ಕೊಡಮ್ಮ. ನಿಂಗೂ ಸಾಕಾಗಿದೆ."

ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

"ಇರ್ಲಿ ಮಾವ. ನಾನೇ ಇದೀನಲ್ಲ."